ಗಾದಿಯ ಮೇಲೆ ಸೀರೆ ಹರಡಿದಂತೆ: ಅಂಗಡಿಗೊಂದು ವೆಬ್‌ಸೈಟ್ ಕಟ್ಟುವ ಬಗೆ

ಉತ್ತರ ಕರ್ನಾಟಕದ ಹಳೆಯ ಸೀರೆ ಅಂಗಡಿಗೆ ಹೋದವರಿಗೆ ಇದು ಗೊತ್ತು. ಚಪ್ಪಲಿ ಹೊರಗೆ ಬಿಟ್ಟು ಗಾದಿಯ ಮೇಲೆ ಕೂರುವಷ್ಟರಲ್ಲಿ ನೀರಿನ ಲೋಟ ಬಂದಿರುತ್ತದೆ. 'ಉಡುವುದಕ್ಕೆ ಬೇಕೇ ಅಕ್ಕಾವರೇ, ಲಗ್ನದಲ್ಲಿ ಕೊಡುವುದಕ್ಕೆ ಬೇಕೇ?' ಎಂದು ಒಂದೇ ಮಾತು ಕೇಳಿ ಅಂಗಡಿಯವರು ಸೀರೆ ಹರಡತೊಡಗುತ್ತಾರೆ. ನೀವು ಯಾವುದರ ಸೆರಗನ್ನು ಮುಟ್ಟಿದಿರಿ, ಯಾವುದರ ಬೆಲೆ ಕೇಳಿ ಸುಮ್ಮನಾದಿರಿ ಎಂಬುದನ್ನು ಕಣ್ಣಂಚಿನಲ್ಲೇ ಗಮನಿಸಿ ಮುಂದಿನ ಸೀರೆ ತೆಗೆಯುತ್ತಾರೆ. ಒಂದು ತಾಸು ಹೋದದ್ದೇ ತಿಳಿಯುವುದಿಲ್ಲ.

ಅದೇ ಅಂಗಡಿಯವರ ವೆಬ್‌ಸೈಟ್ ತೆರೆದರೆ ಮೊದಲು ಕಾಣುವುದು 'ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ' ಎಂಬ ಸಾಲು. ಅದರ ಹಿಂದೆ ತಾವಾಗಿಯೇ ಸರಿಯುತ್ತಿರುವ ಐದು ಚಿತ್ರಗಳು. ಓದಲು ಹೊರಟರೆ ಇಮೇಲ್ ವಿಳಾಸ ಕೇಳುವ ಪೆಟ್ಟಿಗೆಯೊಂದು ಧುತ್ತೆಂದು ಎದುರು ನಿಲ್ಲುತ್ತದೆ. ಗಾದಿಯ ಮೇಲೆ ಕೂರಿಸಿದವರು ಇಲ್ಲಿ ಬಾಗಿಲಲ್ಲೇ ನಿಲ್ಲಿಸಿ ಭಾಷಣ ಮಾಡುತ್ತಾರೆ. ಬಂದವರು ಹಿಂದಕ್ಕೆ ಹೋಗುವ ಬಾಣವನ್ನು ಒತ್ತುತ್ತಾರೆ, ಕಥೆ ಮುಗಿಯಿತು.

ಸಣ್ಣ ವ್ಯಾಪಾರಿಗಳಿಗೆ ಸೈಟು ಮಾಡಿಕೊಡುವ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಬಂದವರ ಮನಸ್ಸಿನ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅವರು ಮುಂದಿನ ಪ್ರಶ್ನೆಯವರೆಗೆ ಕೂರುತ್ತಾರೆ. ಆ ಪ್ರಶ್ನೆಗಳ ಸಾಲನ್ನು ಸರಿಯಾಗಿ ಜೋಡಿಸುವುದೇ ವಿನ್ಯಾಸ. ಬಣ್ಣ, ಚಲನೆ, ಮೆರುಗು ಎಲ್ಲ ಆಮೇಲೆ. ಉದಾಹರಣೆಗೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಒಂದು ಕೈಮಗ್ಗದ ಸೀರೆ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ನಿಮ್ಮದು ಗಾಣದ ಎಣ್ಣೆಯೋ ಹೋಂಸ್ಟೇಯೋ ಪಂಪ್‌ಸೆಟ್ ರಿಪೇರಿಯೋ ಆಗಿದ್ದರೆ ಸೀರೆಯ ಜಾಗದಲ್ಲಿ ಅದನ್ನಿಟ್ಟು ಓದಿ.

ಹೆಜ್ಜೆ 1: ಒಂದು ವಾರ ಪ್ರಶ್ನೆ ಬರೆದುಕೊಳ್ಳಿ

ಕಂಪ್ಯೂಟರ್ ಮುಟ್ಟಬೇಡಿ. ನೋಟುಪುಸ್ತಕ ಹಿಡಿದು ಗಲ್ಲಾದ ಪಕ್ಕ ಕುಳಿತುಕೊಳ್ಳಿ. ಅಂಗಡಿಗೆ ಬಂದವರು, ಫೋನ್ ಮಾಡಿದವರು, ವಾಟ್ಸ್‌ಆ್ಯಪ್‌ನಲ್ಲಿ ಕೇಳಿದವರು ಏನೇನು ಕೇಳುತ್ತಾರೋ ಅದನ್ನು ಅವರದೇ ಮಾತಿನಲ್ಲಿ ಬರೆಯಿರಿ. ಇಳಕಲ್ ಸೀರೆಯವರಿಗೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ: ಇದು ಕೈಮಗ್ಗದ್ದೋ, ಪವರ್‌ಲೂಮಿನದೋ? ಒಡಲು ಹತ್ತಿಯೋ ರೇಷ್ಮೆಯೋ? ಸೆರಗಾದರೂ ಅಪ್ಪಟ ರೇಷ್ಮೆಯೇ? ಆರು ಗಜವೋ ಒಂಬತ್ತು ಗಜವೋ? ಕುಪ್ಪಸದ ಬಟ್ಟೆ ಜೊತೆಗೆ ಬರುತ್ತದೆಯೇ? ಬಣ್ಣ ಬಿಡುತ್ತದೆಯೇ? ಪುಣೆಗೆ ಕಳಿಸಿದರೆ ಎಷ್ಟು ದಿನ? ಇಷ್ಟವಾಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ?

ವಾರದ ಕೊನೆಗೆ ಪದೇ ಪದೇ ಬಂದ ಪ್ರಶ್ನೆಯ ಮುಂದೆ ಗೀಟು ಹಾಕುತ್ತ ಹೋಗಿ. ಹೆಚ್ಚು ಗೀಟು ಬಿದ್ದದ್ದು ಮುಖಪುಟಕ್ಕೆ, ನಂತರದವು ಸೀರೆಯ ಪುಟಕ್ಕೆ, ಅಪರೂಪದವು ಒಂದು ಪ್ರಶ್ನೋತ್ತರ ಪುಟಕ್ಕೆ. 'ನಿಮ್ಮ ಸಂಸ್ಥೆಯ ಧ್ಯೇಯೋದ್ದೇಶಗಳೇನು?' ಎಂದು ಆ ವಾರದಲ್ಲಿ ಯಾರಾದರೂ ಕೇಳಿದ್ದರೆ ಅದಕ್ಕೂ ಒಂದು ಪುಟ ಮಾಡಿ.

ಹೆಜ್ಜೆ 2: ಮೊದಲ ಪರದೆಯನ್ನು ಕಾಗದದ ಮೇಲೆ ಬರೆಯಿರಿ

ಅಂಗೈಯಗಲದ ಕಾಗದ ಸಾಕು, ಏಕೆಂದರೆ ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ನೋಡುವುದು ಮೊಬೈಲಿನಲ್ಲೇ. ಗೂಗಲ್ ಕೂಡ ಈಗ ಸೈಟುಗಳನ್ನು ಓದುವುದು ಮೊಬೈಲ್ ರೂಪವನ್ನು ಆಧರಿಸಿ. 2016ರಲ್ಲಿ ಘೋಷಿಸಿದ ಆ ಬದಲಾವಣೆಯನ್ನು 2023ರಲ್ಲಿ ಮುಗಿಸಿತು. ಕಚೇರಿಯ ದೊಡ್ಡ ಪರದೆಯಲ್ಲಿ ನೋಡಿ 'ಚೆನ್ನಾಗಿದೆ' ಎಂದು ಒಪ್ಪಿಕೊಂಡು ಬಂದ ಸೈಟುಗಳೇ ಮುಂದೆ ಫೋನಿನಲ್ಲಿ ಮುಗ್ಗರಿಸುವುದು.

ಬೆರಳಾಡಿಸುವ ಮೊದಲೇ ಕಾಣಬೇಕಾದದ್ದು ನಾಲ್ಕು ಸಂಗತಿ: ಏನು ಮಾರುತ್ತೀರಿ, ಎಲ್ಲಿಂದ, ಬೆಲೆ ಎಷ್ಟರಿಂದ ಶುರು, ಮುಂದೆ ಏನು ಒತ್ತಬೇಕು. 'ಇಳಕಲ್ಲಿನ ಕೈಮಗ್ಗದ ಸೀರೆಗಳು, ನೇಕಾರರ ಮನೆಯಿಂದ ನೇರವಾಗಿ' ಎಂಬ ಒಂದು ಸಾಲು, ಉಟ್ಟ ಸೀರೆಯ ಒಂದೇ ಒಂದು ಒಳ್ಳೆಯ ಚಿತ್ರ, ಬೆಲೆ, 'ಸೀರೆಗಳನ್ನು ನೋಡಿ' ಎಂಬ ಗುಂಡಿ. ಸರಿಯುವ ಚಿತ್ರಗಳ ಸಾಲು ಬೇಡ. ಮೂರನೆಯ ಚಿತ್ರದವರೆಗೆ ಕಾಯುವ ವ್ಯವಧಾನ ಯಾರಿಗೂ ಇರುವುದಿಲ್ಲ, ಓದುತ್ತಿರುವ ಸಾಲು ಕಣ್ಣೆದುರೇ ಜಾರಿ ಹೋದರೆ ಸಿಟ್ಟು ಬರುತ್ತದೆ.

ಬೆಲೆ ಹಾಕಿ ಎಂದರೆ ವ್ಯಾಪಾರಿಗಳು ಹಿಂಜರಿಯುತ್ತಾರೆ, ಪಕ್ಕದ ಅಂಗಡಿಯವನಿಗೆ ಗೊತ್ತಾಗುತ್ತದಂತೆ. ಪಕ್ಕದ ಅಂಗಡಿಯವನಿಗೆ ಅದು ಮೊದಲೇ ಗೊತ್ತಿದೆ. ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. 'ಬೆಲೆಗಾಗಿ ಸಂಪರ್ಕಿಸಿ' ಎಂದು ಓದಿದವರು 'ಇದು ನನ್ನ ಕೈಗೆಟಕುವಂಥದ್ದಲ್ಲ' ಎಂದುಕೊಂಡು ಎದ್ದು ಹೋಗುತ್ತಾರೆ. ಒಂದೊಂದಕ್ಕೂ ಬೆಲೆ ಬೇರೆಯಾಗುವ ಕೆಲಸ ನಿಮ್ಮದಾದರೆ ಕನಿಷ್ಠ ಎಷ್ಟು, ಸಾಮಾನ್ಯವಾಗಿ ಎಷ್ಟರವರೆಗೆ ಎಂದಾದರೂ ತಿಳಿಸಿ.

ಹೆಜ್ಜೆ 3: ಕಪಾಟಿಗೆ ಗಿರಾಕಿಯ ಹೆಸರಿಡಿ

ಇಳಕಲ್ಲಿನವರು ಸೀರೆಯನ್ನು ದಡಿಯ ಹೆಸರಿನಿಂದ ಗುರುತಿಸುತ್ತಾರೆ: ಗೋಮಿ, ಗಾಡಿ, ಚಿಕ್ಕಿ ಪರಾಸ. ಹುನಗುಂದದ ಅಜ್ಜಿಗೆ ಇಷ್ಟು ಸಾಕು. ಬೆಂಗಳೂರಿನಲ್ಲಿ ಕುಳಿತು ಮೊದಲ ಇಳಕಲ್ ಸೀರೆ ಹುಡುಕುತ್ತಿರುವ ಮೊಮ್ಮಗಳಿಗೆ ಇದು ಒಗಟು. ಹಾಗೆಂದು ಹೆಸರುಗಳನ್ನು ಬಿಟ್ಟುಬಿಡಬೇಡಿ, ಅವುಗಳಲ್ಲೇ ಅಂಗಡಿಯ ಸೊಗಸಿದೆ. ಪ್ರತಿ ಹೆಸರಿನ ಪಕ್ಕ ಆ ದಡಿಯ ಪುಟ್ಟ ಚಿತ್ರ ಇಡಿ, ಅಜ್ಜಿ ಓದುತ್ತಾಳೆ, ಮೊಮ್ಮಗಳು ನೋಡುತ್ತಾಳೆ. ಮೇಲಿನ ಪಟ್ಟಿಯಲ್ಲಿ ಮಾತ್ರ ಎಲ್ಲರಿಗೂ ತಿಳಿಯುವ ವಿಂಗಡಣೆ ಇರಲಿ: ಹತ್ತಿ, ಅರೆ ರೇಷ್ಮೆ, ಅಪ್ಪಟ ರೇಷ್ಮೆ, ಕಸೂತಿ ಹಾಕಿದ್ದು, ಜೊತೆಗೆ ಬೆಲೆಯಂತೆ ಆರಿಸುವ ಅನುಕೂಲ.

ಹೆಜ್ಜೆ 4: ಒಂದು ಸೀರೆಗೆ ಒಂದು ಪೂರ್ಣ ಪುಟ

ಜನ ನಿಜವಾಗಿ ಕೂರುವ ಜಾಗ ಇದು. ಸಮಯವೂ ಹಣವೂ ಕಡಿಮೆಯಿದ್ದರೆ ಉಳಿದದ್ದನ್ನೆಲ್ಲ ಸಾದಾ ಮಾಡಿ ಈ ಪುಟಕ್ಕೆ ಜೀವ ತುಂಬಿ.

ಇಳಕಲ್ ಸೀರೆಯನ್ನು ಬೇರೆ ಸೀರೆಗಳಿಂದ ಪ್ರತ್ಯೇಕಿಸುವುದು ಒಡಲು ಮತ್ತು ಸೆರಗು ಕೂಡುವ ಜಾಗ. ಒಡಲಿನ ಹಾಸುನೂಲೂ (ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲು) ಸೆರಗಿನ ರೇಷ್ಮೆಯ ಹಾಸುನೂಲೂ ಬೇರೆ ಬೇರೆ. ಕುಣಿಕೆಗೆ ಕುಣಿಕೆ ಸಿಕ್ಕಿಸಿ ಎಳೆ ಎಳೆಯನ್ನೂ ಕೈಯಿಂದ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಅದರಾಚೆಗೆ ಕೆಂಪು ಬಿಳಿಯ, ತೋಪು ತೆನೆ ಎಂಬ ವಿನ್ಯಾಸದ ಸೆರಗು. ಇಷ್ಟು ದೊಡ್ಡ ಬಂಡವಾಳ ಕೈಯಲ್ಲಿದ್ದರೂ ನಾನು ನೋಡಿದ ಸೈಟುಗಳಲ್ಲಿ ಹೆಚ್ಚಿನವು ಮಡಿಸಿಟ್ಟ ಸೀರೆಯ ಒಂದು ಫೋಟೋ ಹಾಕಿ 'ಆಕರ್ಷಕ ವಿನ್ಯಾಸ, ಉತ್ತಮ ಗುಣಮಟ್ಟ' ಎಂದು ಬರೆದು ಕೈತೊಳೆದುಕೊಂಡಿವೆ. ಆ ಮಾತನ್ನು ಪ್ಲಾಸ್ಟಿಕ್ ಬಕೆಟ್ಟಿಗೂ ಬರೆಯಬಹುದು.

ಆರು ಫೋಟೋ ತೆಗೆಯಿರಿ: ಉಟ್ಟದ್ದು, ಹರಡಿದ ಸೆರಗು, ದಡಿ ಹತ್ತಿರದಿಂದ, ಕೊಂಡಿ ಕೂಡಿದ ಜಾಗ ಇನ್ನೂ ಹತ್ತಿರದಿಂದ, ಸೀರೆಯ ಹಿಂಬದಿ, ಅಳತೆ ತಿಳಿಯುವಂತೆ ಕೈಯಲ್ಲಿ ಹಿಡಿದದ್ದು. ಹಿಂಬದಿಯ ಚಿತ್ರ ಯಾಕೆಂದರೆ, ಸೀರೆ ಬಲ್ಲ ಹೆಂಗಸರು ಅಂಗಡಿಯಲ್ಲಿ ಮೊದಲು ಮಾಡುವುದೇ ಮಗುಚಿ ನೋಡುವುದು. ನೇರ ಬಿಸಿಲು ಬೀಳದ ಕಿಟಕಿಯ ಬೆಳಕು ಸಾಕು, ಸ್ಟುಡಿಯೋ ಬೇಡ. ಟ್ಯೂಬ್‌ಲೈಟ್ ಬಂದ್ ಮಾಡಿ, ಅದರ ಕೆಳಗೆ ದಾಳಿಂಬೆ ಕೆಂಪೂ ಇಟ್ಟಿಗೆ ಬಣ್ಣವಾಗುತ್ತದೆ. ಫೋಟೋವನ್ನು ಕೈಯಲ್ಲಿರುವ ಸೀರೆಯ ಜೊತೆ ಹಿಡಿದು ಹೋಲಿಸಿ, ವ್ಯತ್ಯಾಸವಿದ್ದರೆ 'ನಿಜದಲ್ಲಿ ತುಸು ಗಾಢವಾಗಿದೆ' ಎಂದು ಬರೆದುಬಿಡಿ. ಆ ಒಂದು ಸಾಲು ಗಿರಾಕಿಯ ನಂಬಿಕೆಯನ್ನು ಗಳಿಸುತ್ತದೆ, ವಾಪಸ್ ಬರುವ ಪಾರ್ಸೆಲ್ಲುಗಳನ್ನೂ ಕಡಿಮೆ ಮಾಡುತ್ತದೆ.

ವಿವರಣೆ ಹೀಗಿರಲಿ: 'ಒಡಲು ಹತ್ತಿ, ಸೆರಗು ರೇಷ್ಮೆ. ದಡಿ ಗೋಮಿ. ಉದ್ದ ಇಷ್ಟು ಮೀಟರ್, ಕುಪ್ಪಸದ ಬಟ್ಟೆ ಸೇರಿದೆ. ತೂಕ ಇಷ್ಟು ಗ್ರಾಂ. ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆಯಾಗಿ.' ಇದರ ಕೆಳಗೆ ಕೊಂಡಿ ಹಾಕುವ ಕೈಗಳ ಇಪ್ಪತ್ತು ಸೆಕೆಂಡಿನ ವಿಡಿಯೋ. ಮಗ್ಗದ ಸದ್ದು ಚಂದ, ನಿಜ. ಆದರೆ ವಿಡಿಯೋ ತಾನಾಗಿ ಶುರುವಾಗಿ ಬಸ್ಸಿನಲ್ಲಿ ಕುಳಿತವರ ಕೈಯಲ್ಲಿ ಟಕಟಕ ಎಂದು ಬಡಿದುಕೊಳ್ಳಬಾರದು. ಒತ್ತಿದವರಿಗೆ ಮಾತ್ರ ಕೇಳಲಿ.

ಪುಟದ ಕೊನೆಯಲ್ಲಿ 'ಇದೇ ಬೆಲೆಯಲ್ಲಿ ಇನ್ನೊಂದು ದಡಿ', 'ಇದೇ ದಡಿ ಹಸಿರಿನಲ್ಲಿ' ಎಂದು ಎರಡು ಮೂರು ಸೀರೆ ತೋರಿಸಿ. ಗಾದಿಯ ಮೇಲಿನ ಅಂಗಡಿಯವರು 'ಹಾಗಾದರೆ ಇದನ್ನು ನೋಡಿ' ಎನ್ನುವುದು ಇದನ್ನೇ. ಇಪ್ಪತ್ತು ತೋರಿಸಿದರೆ ತಲೆ ಕೆಡುತ್ತದೆ.

ಹೆಜ್ಜೆ 5: ವೇಗ

ಇಷ್ಟು ಫೋಟೋ ಹಾಕಿದ ಮೇಲೆ ಪುಟ ಭಾರವಾಗುವುದು ಸಹಜ. ಫೋನಿನ ಕ್ಯಾಮೆರಾದಿಂದ ಬರುವ ಒಂದೊಂದು ಚಿತ್ರವೂ ಮೂರು ನಾಲ್ಕು ಎಂಬಿ ಇರುತ್ತದೆ; ಹಾಗೆಯೇ ಏರಿಸಿದರೆ ಆರು ಚಿತ್ರ ಇಳಿಯುವಷ್ಟರಲ್ಲಿ ಗಿರಾಕಿ ಬೇರೆ ಅಂಗಡಿಯ ಮೆಟ್ಟಿಲು ಹತ್ತಿರುತ್ತಾಳೆ. ಅಗಲವನ್ನು ಸಾವಿರದಿಂದ ಸಾವಿರದಿನ್ನೂರು ಪಿಕ್ಸೆಲ್‌ಗೆ ಇಳಿಸಿ, ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಎಂಬ ಚಿತ್ರರೂಪಕ್ಕೆ ಬದಲಿಸಿ, ಒಂದೊಂದನ್ನೂ 150-200 ಕೆಬಿ ಒಳಗೆ ತನ್ನಿ. ಮೊದಲ ಚಿತ್ರವೊಂದು ಕೂಡಲೇ ಬರಲಿ, ಕೆಳಗಿನವು ಬೆರಳು ಅಲ್ಲಿಗೆ ಬಂದಾಗ ಇಳಿಯುವಂತೆ ಮಾಡಿಸಿ.

ಸೈಟು ಮಾಡುವವರ ಮುಂದೆ ಹೇಳಲು ಮೂರು ಅಂಕಿ ನೆನಪಿಡಿ, ಇವು ಗೂಗಲ್ ನಿಗದಿಪಡಿಸಿದ ಅಳತೆಗಳು. ಪುಟದ ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು. ಗುಂಡಿ ಒತ್ತಿದರೆ 200 ಮಿಲಿಸೆಕೆಂಡಿನೊಳಗೆ ಪುಟ ಸ್ಪಂದಿಸಬೇಕು. ಪುಟದ ಅಲುಗಾಟಕ್ಕೆ ಗೂಗಲ್ ಕೊಡುವ ಅಂಕ 0.1 ಮೀರಬಾರದು. ಅಲುಗಾಟವೆಂದರೆ ಏನು ಎಂದು ನಿಮಗೆ ಅನುಭವದಿಂದ ಗೊತ್ತು: 'ಕೊಳ್ಳಿ' ಒತ್ತಲು ಹೆಬ್ಬೆರಳು ಇಳಿಯುವ ಕ್ಷಣಕ್ಕೆ ಸರಿಯಾಗಿ ಮೇಲೊಂದು ಚಿತ್ರ ಬಂದು ಕೂತು ಎಲ್ಲವನ್ನೂ ಕೆಳಗೆ ತಳ್ಳುತ್ತದೆ, ನೀವು ಬೇರೇನನ್ನೋ ಒತ್ತಿರುತ್ತೀರಿ. ಚಿತ್ರದ ಅಗಲ ಎತ್ತರವನ್ನು ಮೊದಲೇ ನಮೂದಿಸಿದರೆ ಜಾಗ ಕಾದಿರುತ್ತದೆ, ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ನಾಲ್ಕು ಭೇಟಿಗಳಲ್ಲಿ ಮೂರರಲ್ಲಾದರೂ ಈ ಮೂರೂ ಅಳತೆ ಸರಿಯಿದ್ದರೆ ಸೈಟು ಪಾಸು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್‌ನ ಪುಕ್ಕಟೆ ಸಾಧನದಲ್ಲಿ ನಿಮ್ಮ ವಿಳಾಸ ಹಾಕಿ ನೀವೇ ನೋಡಬಹುದು.

ಅದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ಇನ್ನೊಂದಿದೆ. ಮನೆಯಲ್ಲಿ ಬಿದ್ದಿರುವ ಹಳೆಯ ಫೋನು ಹಿಡಿದು ಬಸ್ಸು ಹತ್ತಿ, ನೆಟ್‌ವರ್ಕ್ ಬಂದು ಹೋಗುವ ದಾರಿಯಲ್ಲಿ ನಿಮ್ಮ ಸೈಟು ತೆರೆಯಿರಿ. ನಿಮಗೇ ಬೇಸರ ಬಂದರೆ ಗಿರಾಕಿಯನ್ನು ದೂರಬೇಡಿ.

ಹೆಜ್ಜೆ 6: ಕನ್ನಡವನ್ನು ಕನ್ನಡದಂತೆ ಬರೆಯಿರಿ

ಇಂಗ್ಲಿಷಿನಲ್ಲಿ ಸೈಟು ಮಾಡಿ ಮೇಲೊಂದು ಯಂತ್ರಾನುವಾದದ ಗುಂಡಿ ಅಂಟಿಸುವುದು ಈಗಿನ ರೂಢಿ. ಅದರಿಂದಾಗಿ ಮುಖಪುಟ 'ಮನೆ' ಆಗುತ್ತದೆ, ಕೊಂಡದ್ದನ್ನು ಹಾಕುವ ಬುಟ್ಟಿ 'ಗಾಡಿ' ಆಗುತ್ತದೆ. ಗಾಡಿ ಎಂಬುದೊಂದು ದಡಿಯ ಹೆಸರೂ ಆಗಿರುವ ಅಂಗಡಿಯಲ್ಲಿ ಇದರ ಫಜೀತಿಯನ್ನು ಊಹಿಸಿ. ಹತ್ತೇ ಪುಟವಾದರೂ ಚಿಂತೆಯಿಲ್ಲ, ಕೈಯಿಂದ ಬರೆಸಿ. ಇಳಕಲ್ ಸೀರೆಯನ್ನು ಮಹಾರಾಷ್ಟ್ರದಲ್ಲೂ ಉಡುತ್ತಾರೆ, ಆದ್ದರಿಂದ ಮುಂದೆ ಮರಾಠಿಯೂ ಬೇಕಾದೀತು. ಮೊದಲು ಕನ್ನಡ, ಇಂಗ್ಲಿಷ್ ಎರಡನ್ನೂ ಅಚ್ಚುಕಟ್ಟು ಮಾಡಿಕೊಳ್ಳಿ.

ಅಕ್ಷರದ ವಿಷಯದಲ್ಲಿ ತಾಂತ್ರಿಕ ಎಚ್ಚರ ಬೇಕು. ಡಿಟಿಪಿ ಅಂಗಡಿಯಲ್ಲಿ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸಿದ ಕರಪತ್ರದಿಂದ ಪಠ್ಯವನ್ನು ನಕಲು ಮಾಡಿ ತಂದರೆ ಸೈಟಿನಲ್ಲಿ ಅಡ್ಡಾದಿಡ್ಡಿ ಗುರುತುಗಳು ಕಾಣುತ್ತವೆ. ಎಲ್ಲ ಫೋನುಗಳೂ ಓದಬಲ್ಲ ಯೂನಿಕೋಡ್ ಅಕ್ಷರಕ್ಕೆ ಪರಿವರ್ತಿಸಿಯೇ ಹಾಕಿ. ಆ ರಗಳೆ ತಪ್ಪಿಸಲು ಕೆಲವರು ಕರಪತ್ರವನ್ನೇ ಚಿತ್ರವಾಗಿ ಏರಿಸುತ್ತಾರೆ. ಅದು ಹುಡುಕಾಟದಲ್ಲಿ ಸಿಗುವುದು ಕಷ್ಟ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದಿಲ್ಲ, ಹಿಗ್ಗಿಸಿದರೆ ಮಸುಕಾಗುತ್ತದೆ. ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟು ಸಾಕು. ಇಂಗ್ಲಿಷಿಗೆಂದು ಮಾಡಿದ ಸಾಲಿನ ಅಂತರವನ್ನು ಹಾಗೆಯೇ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಸಾಲಿನ ಎತ್ತರ ಅದರ 1.6ರಿಂದ 1.8 ಪಟ್ಟು ಇರಲಿ.

ಬಣ್ಣದ ವಿಚಾರವನ್ನೂ ಇಲ್ಲೇ ಮುಗಿಸುತ್ತೇನೆ. ಸೀರೆ ಅಂಗಡಿಯವರಿಗೆ ಕಡುಗೆಂಪಿನ ಮೇಲೆ ಜರಿಯ ಬಣ್ಣದ ಅಕ್ಷರ ಬಹಳ ಪ್ರೀತಿ. ಮದುವೆಯ ಕರೆಯೋಲೆಗೆ ಸರಿ. ಓದುವ ಬರಹಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಬೇಕು ಎಂದು ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅಂತರ್ಜಾಲದಲ್ಲಿ ಇದನ್ನು ಅಳೆಯುವ ಪುಕ್ಕಟೆ ಸಾಧನಗಳಿವೆ. ಬಿಳಿಯ ಮೇಲೆ ಕಪ್ಪು ಬರೆದು ಬಣ್ಣವನ್ನು ಸೀರೆಗಳಿಗೇ ಬಿಟ್ಟುಕೊಡಿ.

ಹೆಜ್ಜೆ 7: ಕೊಳ್ಳುವ ದಾರಿಯಲ್ಲಿ ಕಲ್ಲುಮುಳ್ಳು ತೆಗೆಯಿರಿ

ಹೆಸರು, ಫೋನು, ಪಿನ್‌ಕೋಡು, ವಿಳಾಸ. ಸೀರೆ ಕಳಿಸಲು ಇನ್ನೇನೂ ಬೇಕಿಲ್ಲ. ಹುಟ್ಟಿದ ದಿನಾಂಕ ಕೇಳಬೇಡಿ, ಮೊದಲು ಖಾತೆ ತೆರೆಯಿರಿ ಎಂದು ಒತ್ತಾಯಿಸಬೇಡಿ. ಬೇಡದ ಮಾಹಿತಿ ಕೂಡಿಹಾಕಿದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ. ಫೋನ್ ನಂಬರಿನ ಚೌಕ ಮುಟ್ಟಿದಾಗ ಅಂಕಿಗಳ ಕೀಲಿಮಣೆ ತೆರೆಯುವಂತಿರಲಿ. ಯುಪಿಐ ಇರಲೇಬೇಕು. ಸಾಗಣೆ ವೆಚ್ಚವನ್ನು ಸೀರೆಯ ಪುಟದಲ್ಲೇ ಹೇಳಿ. ಕೊನೆಯ ಪುಟದಲ್ಲಿ ಬೆಲೆ ಏರಿದರೆ ಮೋಸ ಹೋದಂತೆ ಅನ್ನಿಸುತ್ತದೆ.

ನಮ್ಮ ಜನ ಕೊಳ್ಳುವ ಮೊದಲು ಒಂದು ಮಾತು ಕೇಳಬಯಸುತ್ತಾರೆ. ಪ್ರತಿ ಸೀರೆಯ ಪುಟದಲ್ಲೂ ವಾಟ್ಸ್‌ಆ್ಯಪ್ ಗುಂಡಿ ಇಟ್ಟು, ಒತ್ತಿದ ಕೂಡಲೇ 'ಸೀರೆ ಸಂಖ್ಯೆ 47ರ ಬಗ್ಗೆ ಕೇಳಬೇಕಿತ್ತು' ಎಂಬ ಸಂದೇಶ ತಯಾರಾಗಿ ನಿಲ್ಲುವಂತೆ ಮಾಡಿಸಿ. 'ಯಾವ ಸೀರೆ?' ಎಂದು ನೀವು ಕೇಳುವ, ಅವರು ಪರದೆಯ ಚಿತ್ರ ತೆಗೆದು ಕಳಿಸುವ ಗೋಜು ತಪ್ಪುತ್ತದೆ. ಉತ್ತರ ಕೊಡುವ ವೇಳೆ ಬರೆದಿರಿ, ಆ ವೇಳೆಯಲ್ಲಿ ಉತ್ತರಿಸಿ.

ಹೆಜ್ಜೆ 8: ನಂಬಿಕೆ, ಮತ್ತು ಅದನ್ನು ಕೆಡಿಸುವ ಜಾಣತನ

ಆನ್‌ಲೈನ್‌ನಲ್ಲಿ ಮಾರುವವರು ತಮ್ಮ ಕಾನೂನುಬದ್ಧ ಹೆಸರು, ವಿಳಾಸ, ಸಂಪರ್ಕ ವಿವರ, ದೂರು ಪರಿಹಾರ ಅಧಿಕಾರಿಯ ಹೆಸರನ್ನು ಸೈಟಿನಲ್ಲಿ ಕಾಣುವಂತೆ ಹಾಕಬೇಕೆಂದು 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಹೇಳುತ್ತವೆ. ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇದನ್ನು ಪುಟದ ಬುಡದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬಚ್ಚಿಡುವವರೇ ಹೆಚ್ಚು. ಅಂಗಡಿಯ ಮುಂಭಾಗದ ಫೋಟೋ, ನಕ್ಷೆ ಮತ್ತು ಈ ವಿವರಗಳನ್ನು ಒಟ್ಟಿಗೆ ಹಾಕಿ ನೋಡಿ, ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ, ಅಂದರೆ ಆ ಹೆಸರು ಆ ಸೀಮೆಯ ಸೀರೆಗೇ ಸಲ್ಲುತ್ತದೆ ಎಂಬ ಕಾನೂನಿನ ಮನ್ನಣೆ ಇದೆ. ಕೈಮಗ್ಗದ ಉತ್ಪನ್ನಗಳಿಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಸರ್ಕಾರಿ ಗುರುತು ಇದೆ. ನಿಮ್ಮ ಸೀರೆಯ ಮೇಲೆ ಅದು ಇದ್ದರೆ ಚಿತ್ರ ತೋರಿಸಿ. ಪವರ್‌ಲೂಮಿನ ಸೀರೆಯನ್ನೂ ಮಾರುತ್ತೀರಾದರೆ ಹಾಗೆಂದೇ ಬರೆಯಿರಿ, ಅದಕ್ಕೂ ಗಿರಾಕಿಗಳಿದ್ದಾರೆ.

'ಬೇಗ! ಇನ್ನು ಎರಡೇ ಉಳಿದಿವೆ', 'ಈಗ 17 ಜನ ಈ ಸೀರೆ ನೋಡುತ್ತಿದ್ದಾರೆ' ಎಂಬ ಸುಳ್ಳು ಫಲಕಗಳನ್ನು ಮಾರುವ ಕಂಪನಿಗಳು ನಿಮ್ಮ ಬಳಿಗೂ ಬರುತ್ತವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ: ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರಿಸುವುದು, ಬೇಡವೆಂದವರನ್ನು ನಾಚಿಸುವುದು ಇತ್ಯಾದಿ. ಕೈಮಗ್ಗದವರಿಗೆ ಸುಳ್ಳಿನ ಅಗತ್ಯವೇ ಇಲ್ಲ. ಒಂದು ಬಣ್ಣ, ಒಂದು ದಡಿಯ ಸೀರೆ ಎಷ್ಟೋ ಸಲ ಒಂದೇ ಇರುತ್ತದೆ. 'ಇದು ಒಂದೇ ಇದೆ' ಎಂದು ನಿಜ ಬರೆಯಿರಿ, ಮಾರಾಟವಾದ ದಿನವೇ 'ಮಾರಾಟವಾಗಿದೆ' ಎಂದು ಬದಲಿಸಿ.

ಹೆಜ್ಜೆ 9: ಸುಮ್ಮನೆ ಕುಳಿತು ನೋಡಿ

ಗೂಗಲ್ ಅನಲಿಟಿಕ್ಸ್ ಹಾಕಿಸಿದರೆ ಎಷ್ಟು ಜನ ಬಂದರು, ಎಲ್ಲಿಂದ ಎದ್ದು ಹೋದರು ಎಂದು ಕಾಣುತ್ತದೆ. ಅದರ ಲೆಕ್ಕದಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ಇದ್ದರೆ, ಎರಡು ಪುಟ ನೋಡಿದರೆ ಅಥವಾ ನೀವು ಮುಖ್ಯವೆಂದು ಗುರುತಿಸಿದ ಕೆಲಸವೊಂದನ್ನು ಮಾಡಿದರೆ ಅದು ಮನಸ್ಸಿಟ್ಟ ಭೇಟಿ. ಈ ಅಂಕಿಯನ್ನು ನೋಡಿ, ಪೂಜಿಸಬೇಡಿ. ಪ್ರಶ್ನೋತ್ತರ ಪುಟದಲ್ಲಿ ಐದು ನಿಮಿಷ ಇದ್ದವರಿಗೆ ಉತ್ತರ ಸಿಗದೆಯೂ ಇರಬಹುದು.

ನನಗೆ ಹೆಚ್ಚು ಕಲಿಸಿದ್ದು ಬೇರೆ ವಿಧಾನ. ಸೈಟು ನೋಡಿರದ ಐದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ. ಒಬ್ಬರು ಅತ್ತೆಯವರ ವಯಸ್ಸಿನವರಿರಲಿ, ಒಬ್ಬರು ಕಾಲೇಜು ಹುಡುಗಿ. ಫೋನು ಕೈಗೆ ಕೊಟ್ಟು 'ತಂಗಿಯ ಸೀಮಂತಕ್ಕೆ ಹಸಿರು ಸೀರೆ ಹುಡುಕಿ' ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳಿ. ಬಾಯಿ ಮುಚ್ಚಿಕೊಳ್ಳುವುದೇ ಕಷ್ಟ. 'ಅಲ್ಲಲ್ಲ, ಮೇಲೆ ಒತ್ತಿ' ಎಂಬ ಮಾತು ನಾಲಿಗೆಯ ತುದಿಗೆ ಬಂದ ಕ್ಷಣವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಅಲ್ಲಿಯೇ ಸೈಟು ಕೆಟ್ಟಿದೆ. ನಾನು ತುಂಬ ಹೆಮ್ಮೆಯಿಂದ ಮೂರು ಗೆರೆಗಳ ಚಿಹ್ನೆಯೊಳಗೆ ಅಡಗಿಸಿಟ್ಟ ಪಟ್ಟಿಯೊಂದನ್ನು ಒಬ್ಬ ಹಿರಿಯರು ಕಡೆಯವರೆಗೂ ಮುಟ್ಟಲಿಲ್ಲ. ಅದೊಂದು ಅಲಂಕಾರದ ಗೆರೆ ಎಂದುಕೊಂಡಿದ್ದರಂತೆ. ಅಂದಿನಿಂದ ಅದರ ಪಕ್ಕ 'ಪಟ್ಟಿ' ಎಂದು ಬರೆಯುತ್ತೇನೆ.

ಆಮೇಲಿನ ಕೆಲಸ

ತಿಂಗಳಿಗೊಮ್ಮೆ ಒಂದು ಗಂಟೆ ಸಾಕು. ಮಾರಾಟವಾದ ಸೀರೆ ತೆಗೆಯಿರಿ, ಹೊಸದು ಸೇರಿಸಿ, ಯುಗಾದಿಗೂ ತೂಗಾಡುತ್ತಿರುವ ದೀಪಾವಳಿ ರಿಯಾಯಿತಿಯ ಫಲಕ ಇಳಿಸಿ, ಫೋನ್ ನಂಬರು ಒತ್ತಿ ಕರೆ ಹೋಗುತ್ತದೆಯೇ ನೋಡಿ.

ಕೊನೆಗೆ ಒಂದು ಎಚ್ಚರ. ಸೈಟು ಮಾಡಿಕೊಟ್ಟವರು ಡೊಮೇನನ್ನು, ಅಂದರೆ ಸೈಟಿನ ವಿಳಾಸವನ್ನು, ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡು, ಜಗಳವಾದಾಗ ಅಂಗಡಿಯ ಹೆಸರೇ ಕೈತಪ್ಪಿದ ಪ್ರಸಂಗಗಳನ್ನು ನೋಡಿದ್ದೇನೆ. ಡೊಮೇನು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ಇರಲಿ, ಗುಪ್ತಪದ ನಿಮ್ಮ ಬಳಿಯಿರಲಿ. ನವೀಕರಣದ ದಿನಾಂಕವನ್ನು ಗಲ್ಲಾದ ಮೇಲಿನ ಗೋಡೆಯ ಕ್ಯಾಲೆಂಡರಿನಲ್ಲಿ, ಅಮಾವಾಸ್ಯೆ ಹುಣ್ಣಿಮೆಯ ಪಕ್ಕದಲ್ಲೇ, ಕೆಂಪು ಶಾಯಿಯಲ್ಲಿ ಸುತ್ತಿಡಿ.